ನಾನೂರ ಹದಿಮೂರನೆಯ ಉಲ್ಲೇಖ

9 ಜನವರಿ

ಅಕ್ಕಾ,

ನಿಮ್ಮ ಸಂಸ್ಥೆಯ ನಿರ್ದೇಶಕರ ಕಚೇರಿಯಿಂದ ಮೊನ್ನೆ ಒಂದು ದಪ್ಪ ಲಕೋಟೆ ಬಂತು. ನನಗೆ ‘ಶ್ರೀಯುತ’ ಬೇರೆ ಹಾಕಿದ್ದಾರೆ! ಈ ವೈದ್ಯಕೀಯ ಕಾಲೇಜಿನ ಗ್ರಂಥಾಲಯದಲ್ಲಿ ಇಪ್ಪತ್ತಾರು ವರ್ಷ ಕೂತಿದ್ದೇನೆ, ಇಲ್ಲಿ ಒಬ್ಬರೂ ಹಾಗೆ ಕರೆದವರಿಲ್ಲ. ನಿನ್ನ ಪ್ರಕಟಣೆಗಳನ್ನೂ ಅವನ್ನು ಬೇರೆಯವರು ಎಷ್ಟು ಸಲ ಉಲ್ಲೇಖಿಸಿದ್ದಾರೆ ಎಂಬುದನ್ನೂ ಎಣಿಸಿ, ಸಹಿ ಹಾಕಿ ಕಳಿಸಬೇಕಂತೆ. ಎಣಿಸುವವನು ಹೊರಗಿನ ಗ್ರಂಥಪಾಲಕನಾಗಿರಬೇಕು ಎಂದಷ್ಟೇ ನಿಯಮದಲ್ಲಿದೆ. ತಮ್ಮನಾಗಿರಬಾರದು ಎಂದು ಎಲ್ಲೂ ಇಲ್ಲ, ಎರಡು ಸಲ ಓದಿ ನೋಡಿದೆ.

ಹೇಗೆ ಎಣಿಸುತ್ತೇನೆ ಎಂದು ಮೊದಲೇ ಬರೆದು ತಿಳಿಸುವುದು ನನ್ನ ಪದ್ಧತಿ. ನಿನಗೆ ಗೊತ್ತಿರುವುದೇ ಆದರೂ ಓದು. ಇಪ್ಪತ್ತು ಲೇಖನಗಳಿಗೆ ತಲಾ ಇಪ್ಪತ್ತು ಉಲ್ಲೇಖವಾದರೂ ಇದ್ದರೆ ನಿನ್ನ ‘ಎಚ್’ ಅಂಕ ಇಪ್ಪತ್ತು. ನೀನೇ ನಿನ್ನನ್ನು ಉಲ್ಲೇಖಿಸಿಕೊಂಡದ್ದನ್ನು ಕಳೆಯುತ್ತೇನೆ. ಅದರಲ್ಲಿ ಅಕ್ಕ ತಂಗಿ ಎಂದು ನೋಡುವವನಲ್ಲ ನಾನು. ಅಂಕ ಇಪ್ಪತ್ತು ಮುಟ್ಟಿದರೆ ನಿನ್ನ ಲ್ಯಾಬ್ ಇನ್ನೂ ನಾಲ್ಕು ವರ್ಷ ನಿನ್ನದು. ಹತ್ತೊಂಬತ್ತಾದರೆ ಬೀಗ. ಹೀಗೆಂದು ಅವರ ಸುತ್ತೋಲೆಯಲ್ಲೇ ಇದೆ, ಬೀಗ ಎಂಬ ಪದವೊಂದು ಬಿಟ್ಟು.

ಫೋನ್ ಮಾಡಬೇಡ. ಎಡಗಿವಿ ಹೋಗಿ ವರ್ಷವಾಯಿತು, ಬಲಗಿವಿಯೂ ಈಗೀಗ ರಜೆ ಕೇಳುತ್ತಿದೆ. ಮೇಲ್ ಬೇಡವೆಂದು ನೀನೇ ಹೇಳಿದ್ದೀಯ, ನಿಮ್ಮಲ್ಲಿ ಆಫೀಸಿನ ಮೇಲನ್ನು ಇನ್ಯಾರೋ ಓದುತ್ತಾರಂತೆ. ಕಾಗದವೇ ಸರಿ.

ಇನ್ನು ಮನೆ ಸಮಾಚಾರ. ನನ್ನ ಮಗಳ ಪಿಎಚ್.ಡಿಗೆ ಇದು ಮೂರನೆಯ ವರ್ಷ. ಮರಿ ಸೊರಗಿಹೋಗಿದ್ದಾಳೆ ಕಣೆ. ಕಿಡ್ನಿ ಕೋಶವನ್ನು ಕಾಪಾಡುವ ಮದ್ದಿನ ಮೇಲೆ ನೀನು ಬರೆದ ಆ ಹೆಸರುವಾಸಿ ಲೇಖನವನ್ನು ಮುಂದುವರಿಸುತ್ತೇನೆಂದು ಹಟ ಹಿಡಿದು ಹೋದವಳು. ನಿನ್ನೆ ಊಟಕ್ಕೆ ಕೂತಾಗ ಹೇಳಿದಳು: “ಅತ್ತೆ ಕೊಟ್ಟ ಜೀವಕೋಶದಲ್ಲಿ ಆ ಮದ್ದು ಕೆಲಸ ಮಾಡತ್ತೆ ಅಪ್ಪಾ. ಆಸ್ಪತ್ರೆಯಿಂದ ಹೊಸದಾಗಿ ತಂದು ಬೆಳೆಸಿದ ಕಿಡ್ನಿ ಕೋಶದಲ್ಲಿ ಮಾಡಲ್ಲ. ಹನ್ನೊಂದು ಸಲ ಮಾಡಿದೆ.” ಅವಳ ಗೈಡ್ ಏನಂದರಂತೆ ಗೊತ್ತೇ? “ನಿನ್ನ ಕೈಯೇ ಸರಿಯಿಲ್ಲ.” ಅವಳು ಈಗ ಆಗಾಗ ಕೈ ಮುಂದೆ ಚಾಚಿ ನೋಡಿಕೊಳ್ಳುತ್ತಾಳೆ. ಒಂದೆರಡು ಸಾಲು ಬರೆದು ದಾರಿ ತೋರಿಸು. ನಿನ್ನ ಮಾತೆಂದರೆ ಅವಳಿಗೆ ಎಲ್ಲಕ್ಕಿಂತ ಹೆಚ್ಚು.

ನಿನ್ನ ತಮ್ಮ


24 ಜನವರಿ

ತಮ್ಮಾ,

ಅರವತ್ತೊಂದು ಲೇಖನಗಳ ಪಟ್ಟಿ ಇದರ ಜೊತೆಗಿದೆ. ಎಣಿಸು, ಅಂಕ ಬರೆ, ಸಹಿ ಹಾಕು, ಕಳಿಸು. ನಿನ್ನ ಆ ಹಳೆಯ ಚಾಳಿ ಬೇಡ. ಉಲ್ಲೇಖಿಸಿದವರು ಏನು ಬರೆದಿದ್ದಾರೆಂದು ಒಂದೊಂದೇ ವಾಕ್ಯ ಹುಡುಕಿ ಓದುತ್ತಾ ಕೂರಬೇಡ. ಅದನ್ನು ಯಾರೂ ಕೇಳಿಲ್ಲ, ನಿನ್ನ ಕಣ್ಣೂ ಹಾಳು.

ಇಲ್ಲಿ ಎಲ್ಲರೂ ಅಂಕದ ಜ್ವರದಲ್ಲಿದ್ದಾರೆ. ಕಾರಿಡಾರಿನಲ್ಲಿ ಎದುರು ಸಿಕ್ಕವರು ಈಗ ಚೆನ್ನಾಗಿದ್ದೀರಾ ಎಂದು ಕೇಳುವುದಿಲ್ಲ, “ಎಷ್ಟಾಯ್ತು?” ಎನ್ನುತ್ತಾರೆ. ಬಾಟಲಿ ಮೇಷ್ಟ್ರು ಕೂಡ ನಿನ್ನೆ ಕೇಳಿದರು. ನಿನಗೆ ನೆನಪಿರಬೇಕು, ನನ್ನ ಲ್ಯಾಬಿನ ಹಳೆಯ ಟೆಕ್ನಿಷಿಯನ್. ಹೊಸದಾಗಿ ಬಂದವರಿಗೆಲ್ಲ ಬಾಟಲಿ ಹಿಡಿಯುವುದು ಹೇಗೆಂದು ಒಂದು ವಾರ ಪಾಠ ಮಾಡುವುದರಿಂದ ಆ ಹೆಸರು ಬಂದದ್ದು. ಅವರಿಗೆ ಇನ್ನೆರಡು ವರ್ಷದ ಕೆಲಸವಿದೆ. ಲ್ಯಾಬ್ ಮುಚ್ಚಿದರೆ ಅದೂ ಇಲ್ಲ.

ಮರಿಗೆ ವಿಷಯ ಬದಲಿಸಲು ಹೇಳು. ಮೂರು ವರ್ಷವೇನು ಮಹಾ. ಕಿಡ್ನಿ ಬಿಟ್ಟು ಬೇರೆ ಏನಾದರೂ ತೆಗೆದುಕೊಳ್ಳಲಿ. ನನಗೆ ಈಗ ಬೇರೆಯಾಗಿ ಬರೆಯಲು ಪುರುಸೊತ್ತಿಲ್ಲ.

ಅಕ್ಕ


20 ಫೆಬ್ರವರಿ

ಅಕ್ಕಾ,

ಎಣಿಸಿದೆ. ಸರಿಯಾಗಿ ಇಪ್ಪತ್ತು. ಇಪ್ಪತ್ತನೆಯ ಲೇಖನಕ್ಕೆ ಇಪ್ಪತ್ತೇ ಉಲ್ಲೇಖ, ಇಪ್ಪತ್ತೊಂದನೆಯದಕ್ಕೆ ಹದಿಮೂರು. ಕೂದಲೆಳೆಯಲ್ಲಿ ದಾಟಿದ್ದೀಯ. ತಮಾಷೆ ನೋಡು, ಆ ಹೆಸರುವಾಸಿ ಲೇಖನಕ್ಕೆ ನಾನೂರ ಹನ್ನೆರಡು ಉಲ್ಲೇಖ, ಆದರೂ ಈ ಲೆಕ್ಕದಲ್ಲಿ ಅದು ಒಂದೇ. ಆದರೆ ಅದನ್ನು ಎತ್ತಿಬಿಟ್ಟರೆ ಮಾತ್ರ ನಿನ್ನ ಅಂಕ ಹತ್ತೊಂಬತ್ತು.

ಅದನ್ನು ಎತ್ತುವ ಮಾತು ಯಾಕೆ ಬಂತು ಎನ್ನುತ್ತೀಯಾ? ಹೇಳುತ್ತೇನೆ. ನೀನು ಬೇಡವೆಂದದ್ದನ್ನು ಮಾಡಿದೆ. ಬೈಯಿ. ಚಿಕ್ಕಂದಿನಿಂದಲೂ ನೀನು ಬೇಡವೆಂದದ್ದನ್ನು ಬಿಟ್ಟು ನಾನು ಬೇರೇನು ಮಾಡಿದ್ದೇನೆ?

ನಾನೂರ ಹನ್ನೆರಡನ್ನೂ ತೆಗೆದು, ನಿನ್ನ ಲೇಖನದ ಬಗ್ಗೆ ಬರೆದ ವಾಕ್ಯವನ್ನು ಹುಡುಕಿ ಓದಿದೆ. ಮುನ್ನೂರ ಎಂಬತ್ತು ಜನ ನಿನ್ನ ಲೇಖನ ಓದಿಯೇ ಇಲ್ಲ. ಒಬ್ಬರ ವಾಕ್ಯವನ್ನು ಇನ್ನೊಬ್ಬರು ಎತ್ತಿಕೊಂಡಿದ್ದಾರೆ, ಅಲ್ಪವಿರಾಮ ಸಮೇತ. ಇಪ್ಪತ್ತನಾಲ್ಕು ಜನ ನಿನ್ನ ಕೋಶಗಳನ್ನು ತರಿಸಿ ಕೆಲಸ ಮಾಡಿದ್ದಾರೆ. ಏಳು ಜನ ಬೇರೆ ಕಿಡ್ನಿ ಕೋಶ ಹಿಡಿದು, ನಮಗೆ ಈ ಫಲಿತಾಂಶ ಸಿಗಲಿಲ್ಲ ಎಂದು ಮೆಲ್ಲಗೆ ಹೇಳಿದ್ದಾರೆ. ಇನ್ನೊಂದು ಉಳಿಯಿತು. ಯಾವುದೋ ಸಣ್ಣ ಲ್ಯಾಬಿನದು, ಬೇರೆಯೇ ವಿಷಯದ ಮೇಲೆ. ಅದರ ಹನ್ನೊಂದನೆಯ ಪುಟದ ಅಡಿಟಿಪ್ಪಣಿಯಲ್ಲಿ ಎರಡೇ ಸಾಲು. ನಿನ್ನ ಲ್ಯಾಬ್ ಹಂಚಿದ ಕೋಶಗಳನ್ನು ಪರೀಕ್ಷೆ ಮಾಡಿಸಿದೆವು, ಅವು ಕಿಡ್ನಿಯವಲ್ಲ, ಮೂತ್ರಕೋಶದ ಕ್ಯಾನ್ಸರ್‌ನವು ಎಂದು.

ನಾನು ವಿಜ್ಞಾನಿಯಲ್ಲ. ಆದರೆ ಮರಿ ಹೇಳಿದ್ದೂ ಇದೇ ಅಲ್ಲವೇ? ನಿನ್ನ ಕೋಶದಲ್ಲಿ ಬರುತ್ತದೆ, ನಿಜವಾದ ಕಿಡ್ನಿ ಕೋಶದಲ್ಲಿ ಬರುವುದಿಲ್ಲ. ಮೊನ್ನೆ ಅವಳು ಅಡುಗೆಮನೆಯಲ್ಲಿ ಅವಳಮ್ಮನ ಹತ್ತಿರ ಅತ್ತಳು. “ನಂಗೆ ಇದು ಬರಲ್ಲಮ್ಮಾ, ನಾನು ದಡ್ಡಿ” ಎಂದಳಂತೆ. ಹನ್ನೊಂದು ಸಲ ಈಗ ಹದಿನಾರಾಗಿದೆ.

ಸಹಿ ಹಾಕದೆ ಇಟ್ಟುಕೊಂಡಿದ್ದೇನೆ. ಆ ಅಡಿಟಿಪ್ಪಣಿ ನಿಜವೇ? ಹೌದು ಅಥವಾ ಇಲ್ಲ, ಅಷ್ಟು ಬರೆ ಸಾಕು.

ನಿನ್ನ ತಮ್ಮ


28 ಮಾರ್ಚ್

ತಮ್ಮಾ,

ಹೌದು.

ಐದು ವಾರ ಬರೆಯಲಿಲ್ಲವೆಂದು ನೀನು ಕಾದಿರುತ್ತೀಯ. ಆ ಒಂದು ಪದ ಮೊದಲ ದಿನವೇ ಬರೆದಿದ್ದೆ, ಲಕೋಟೆಗೆ ಹಾಕಲು ಆಗಲಿಲ್ಲ.

ಹದಿನಾಲ್ಕು ವರ್ಷದ ಹಿಂದಿನ ಮಾತು. ಆಗ ಪಕ್ಕದ ಗುಂಪಿನವರ ಕ್ಯಾನ್ಸರ್ ಕೋಶಗಳನ್ನೂ ಒಂದು ತಿಂಗಳು ನಾನೇ ನೋಡಿಕೊಳ್ಳುತ್ತಿದ್ದೆ. ಕೋಶಗಳಿಗೆ ಎರಡು ದಿನಕ್ಕೊಮ್ಮೆ ಪೋಷಕ ದ್ರವ ಬದಲಿಸಬೇಕು. ಒಂದೊಂದು ಜಾತಿಗೆ ಒಂದೊಂದು ಬಾಟಲಿ, ಇದು ಲ್ಯಾಬಿನ ಮೊದಲ ಪಾಠ. ಅವಸರದಲ್ಲಿ ನಾನು ಎರಡಕ್ಕೂ ಒಂದೇ ಬಾಟಲಿ ಬಳಸಿದೆ. ಮೇಷ್ಟ್ರು ನೋಡಿ, “ಬೇಡ ಮೇಡಂ, ಬೇರೆ ತೆಗೀರಿ” ಎಂದರು. “ಒಂದ್ಸಲ ತಾನೇ, ಬಿಡಿ” ಎಂದೆ. ಒಂದು ಸಲ ಸಾಕು. ದ್ರವದಲ್ಲಿ ಒಂದೆರಡು ಕ್ಯಾನ್ಸರ್ ಕೋಶ ಬಿದ್ದಿರಬೇಕು. ಕಳೆಯ ಹಾಗೆ ಬೆಳೆದು, ಕಿಡ್ನಿ ಕೋಶಗಳನ್ನು ಒತ್ತರಿಸಿ, ಇಡೀ ಫ್ಲಾಸ್ಕನ್ನೇ ತುಂಬಿಕೊಂಡವು. ಮೈಕ್ರೋಸ್ಕೋಪಿನಲ್ಲಿ ನೋಡಿದೆ. ಎಷ್ಟು ಚೆನ್ನಾಗಿ ಬೆಳೆಯುತ್ತಿವೆ ಎಂದು ಖುಷಿಪಟ್ಟೆ.

ಆ ಮದ್ದು ಕಿಡ್ನಿ ಕೋಶಗಳನ್ನು ವಿಷದಿಂದ ಕಾಪಾಡುತ್ತದೆ ಎಂದು ಬರೆದೆ. ಕಾಪಾಡಿದ್ದು ನಿಜ. ಕಾಪಾಡಿದ್ದು ಕ್ಯಾನ್ಸರ್ ಕೋಶವನ್ನು. ರೋಗಿಗಳಿಗೆ ಅದನ್ನು ಇನ್ನೂ ಯಾರೂ ಕೊಟ್ಟಿಲ್ಲ ಎಂಬುದೊಂದೇ ನನಗಿರುವ ಸಮಾಧಾನ.

ನನಗೆ ಗೊತ್ತಾದದ್ದು ನಾಲ್ಕು ವರ್ಷದ ಹಿಂದೆ. ಪರೀಕ್ಷೆಗೆ ಕಳಿಸಿದ್ದೆ, ಒಂದು ಹಾಳೆ ವರದಿ ಬಂತು. ಆ ವರ್ಷವೂ ಲ್ಯಾಬಿನ ನವೀಕರಣವಿತ್ತು. ಮುಗಿಯಲಿ, ಆಮೇಲೆ ಹೇಳೋಣ ಎಂದು ಡ್ರಾಯರಿಗೆ ಹಾಕಿದೆ. ಮುಗಿಯಿತು. ಆಮೇಲೆ ಒಬ್ಬ ವಿದ್ಯಾರ್ಥಿಯ ಪಿಎಚ್.ಡಿ ಮುಗಿಯಲಿ ಎಂದೆ. ಅದೂ ಮುಗಿಯಿತು. ಅಷ್ಟರಲ್ಲಿ ಮರಿ ಐಸ್ ಪೆಟ್ಟಿಗೆ ಹಿಡಿದುಕೊಂಡು ಬಂದಳು. “ಅತ್ತೇ, ನಿಮ್ಮ ಕೋಶ ಕೊಡಿ” ಎಂದಳು. ಬೇಡ ಎಂಬ ಮಾತು ನಾಲಿಗೆ ತುದಿಗೆ ಬಂತು ಕಣೋ. ಮೇಷ್ಟ್ರು ಪಕ್ಕದಲ್ಲೇ ನಿಂತಿದ್ದರು, ಮೂವರು ವಿದ್ಯಾರ್ಥಿಗಳಿದ್ದರು. ನನ್ನ ಕೈಯಾರೆ ಕೊಟ್ಟೆ. ಅವಳು ಪೆಟ್ಟಿಗೆಯನ್ನು ಕೂಸಿನ ಹಾಗೆ ಎದೆಗವಚಿಕೊಂಡು ಹೋದಳು.

ಈಗ ಲೇಖನ ಹಿಂತೆಗೆದುಕೊಂಡರೆ ಅಂಕ ಹತ್ತೊಂಬತ್ತು. ನಾನು ಹೋಗಲಿ, ಮೇಷ್ಟ್ರು ಬೀದಿಗೆ. ಇಬ್ಬರು ವಿದ್ಯಾರ್ಥಿಗಳು ಅರ್ಧಕ್ಕೆ ನಿಲ್ಲುತ್ತಾರೆ. ಹಿಂತೆಗೆಯದಿದ್ದರೆ ಮರಿ. ಯಾವ ಕಡೆ ತಿರುಗಿದರೂ ಗೋಡೆ. ಸಮಿತಿ ಮೇ ಹದಿನೇಳಕ್ಕೆ ಕೂರುತ್ತದೆ. ಅಲ್ಲಿಯವರೆಗೆ ಅವಳಿಗೆ ಹೇಳಬೇಡ. ಆಮೇಲೆ ನಾನೇ ಹೇಳುತ್ತೇನೆ. ನೀನು ಸಹಿ ಹಾಕಲೇಬೇಕೆಂದು ನಾನು ಹೇಳುವುದಿಲ್ಲ.

ಹೇಳುವುದಿಲ್ಲ ಎಂದೆನಲ್ಲ, ಅದು ಸುಳ್ಳು. ಹಾಕು. ಕೈ ಮುಗಿಯುತ್ತೇನೆ.

ಅಕ್ಕ


6 ಏಪ್ರಿಲ್

ಅಕ್ಕಾ,

ಸಹಿ ಹಾಕಿ ಕಳಿಸಿದೆ. ಇಪ್ಪತ್ತು ಎಂದು ಅಂಕಿಯಲ್ಲೂ ಅಕ್ಷರದಲ್ಲೂ ಬರೆದಿದ್ದೇನೆ. ಎಣಿಕೆ ತಪ್ಪಿಲ್ಲ. ಇಡೀ ಪ್ರಮಾಣಪತ್ರದಲ್ಲಿ ಒಂದೇ ಒಂದು ಸುಳ್ಳಿಲ್ಲ. ಹಾಗಿದ್ದೂ ಅಂಚೆಗೆ ಹಾಕಿ ಬಂದ ಮೇಲೆ ಕೈ ತೊಳೆದುಕೊಂಡೆ, ಯಾಕೆಂದು ಗೊತ್ತಿಲ್ಲ.

ನಿನ್ನ ಮೇಲೆ ಎಷ್ಟು ಸಿಟ್ಟು ಬಂದಿದೆಯೆಂದರೆ ಎರಡು ಕಾಗದ ಬರೆದು ಹರಿದುಹಾಕಿದೆ. ಅಷ್ಟೊಂದು ಲ್ಯಾಬಿಗೆ ಆ ಕೋಶ ಹಂಚಿದೆಯಲ್ಲ, ಅವರೆಲ್ಲ ನನಗೆ ಯಾರೋ. ಮರಿ ಯಾರೋ ಅಲ್ಲವಲ್ಲೇ. ಅವಳು ಆರನೇ ಕ್ಲಾಸಿನಲ್ಲಿದ್ದಾಗ ನೀನು ಕೊಟ್ಟ ಬಿಳಿ ಕೋಟನ್ನು ಮೊಣಕೈ ಹರಿಯುವವರೆಗೂ ಹಾಕಿಕೊಂಡು ಮನೆಯೆಲ್ಲ ಸುತ್ತಿದವಳು.

ಈಗ ನಾನೂ ನಿನ್ನ ಜೊತೆ ಒಳಗೆ ಸಿಕ್ಕಿಹಾಕಿಕೊಂಡೆ. ಊಟಕ್ಕೆ ಕೂತರೆ ಅವಳು ಎದುರಿಗೆ. “ಯಾಕಪ್ಪಾ, ಮಾತೇ ಆಡ್ತಿಲ್ಲ?” ಎನ್ನುತ್ತಾಳೆ. ಕಿವಿ ಕೇಳಿಸುತ್ತಿಲ್ಲ ಎನ್ನುತ್ತೇನೆ. ಎದುರು ಕೂತವರ ಮಾತು ಇನ್ನೂ ಚೆನ್ನಾಗಿಯೇ ಕೇಳಿಸುತ್ತದೆ. ಒಂದು ವಿಚಿತ್ರವೆಂದರೆ ಹದಿನೈದು ದಿನದಿಂದ ಅವಳು ಅಳುತ್ತಿಲ್ಲ, ಕೈ ನೋಡಿಕೊಳ್ಳುತ್ತಿಲ್ಲ. ಮಾರ್ಚ್ ಕೊನೆಯವರೆಗೂ ಏನೋ ಬರೆಯುತ್ತಿದ್ದಳು. ಏನೆಂದು ಕೇಳಲು ನನಗೆ ಮುಖವಿಲ್ಲ.

ಮೇ ಹದಿನೇಳರ ಮೇಲೆ ಒಂದು ದಿನವೂ ಕಾಯುವುದಿಲ್ಲ. ನೀನು ಹೇಳದಿದ್ದರೆ ನಾನು ಹೇಳುತ್ತೇನೆ.

ತಮ್ಮ


19 ಮೇ

ತಮ್ಮಾ,

ನನ್ನ ಸರದಿ ನಾಲ್ಕೇ ನಿಮಿಷದಲ್ಲಿ ಮುಗಿಯಿತು. ಉದ್ದ ಮೇಜು, ಐದು ಜನ, ಪ್ರತಿಯೊಬ್ಬರ ಮುಂದೆಯೂ ನೀನು ಸಹಿ ಹಾಕಿದ ಹಾಳೆ. ಅಧ್ಯಕ್ಷರು ಕನ್ನಡಕ ಏರಿಸಿ, “ಇಪ್ಪತ್ತು ಇದೆಯಲ್ಲ. ಮತ್ತೇನು?” ಎಂದರು. ನಾನು ಧೈರ್ಯ ಮಾಡಿ, “ಆ ಲೇಖನದ ಬಗ್ಗೆ ಒಂದು ಮಾತು ಹೇಳಬೇಕಿತ್ತು” ಎಂದೆ. ಅವರು ನಕ್ಕರು. “ಅಯ್ಯೋ ಬಿಡಿ ಮೇಡಂ, ನಾನೂರು ಜನ ಹೇಳಿದ್ಮೇಲೆ ನೀವೇನು ಹೇಳೋದು, ನಾವೇನು ಕೇಳೋದು?” ಎಲ್ಲರೂ ನಕ್ಕರು. ನಾನೂ ನಕ್ಕೆನಲ್ಲೋ! ಮುಂದಿನ ವರ್ಷದಿಂದ ನಾನೂ ಆ ಸಮಿತಿಯಲ್ಲಿ ಕೂರಬೇಕಂತೆ, ಕಿರಿಯರ ಅಂಕ ನೋಡಲು.

ನನ್ನ ನಂತರ ಒಳಗೆ ಹೋದವನ ಅಂಕ ಹತ್ತೊಂಬತ್ತು. ಅವನ ಕೆಲಸ ನಾನು ಬಲ್ಲೆ. ಅವನು ಬರೆಯುವುದು ಕಡಿಮೆ, ಬರೆದದ್ದು ಒಂದೊಂದೂ ಅಪ್ಪಟ. ಹೊರಗೆ ಬಂದು ಕುರ್ಚಿಯಲ್ಲಿ ಕೂತು ನೀರು ಕೇಳಿದ. ಜೂನ್ ಕೊನೆಗೆ ಅವನ ಲ್ಯಾಬು ಖಾಲಿ. ನಾನು ನೀರು ತಂದುಕೊಟ್ಟೆ. “ನಿಮ್ಮದಾಯ್ತಲ್ಲ, ಸಂತೋಷ” ಎಂದ. ಮನಸಾರೆ ಹೇಳಿದ, ಅದೇ ನನಗೆ ತಡೆಯಲಾಗಲಿಲ್ಲ.

ಅಲ್ಲಿಂದ ನೇರ ನನ್ನ ಕೋಣೆಗೆ ಹೋಗಿ ಜರ್ನಲ್ಲಿನ ಸಂಪಾದಕರಿಗೆ ಬರೆದೆ. ಕೋಶಗಳು ಕಿಡ್ನಿಯವಲ್ಲ, ತಪ್ಪು ನನ್ನದು, ನಾಲ್ಕು ವರ್ಷದಿಂದ ಗೊತ್ತಿತ್ತು, ಲೇಖನ ಹಿಂತೆಗೆದುಕೊಳ್ಳುತ್ತೇನೆ ಎಂದು. ವರದಿಯನ್ನೂ ಲಗತ್ತಿಸಿದೆ. ಆಮೇಲೆ ಮೇಷ್ಟ್ರನ್ನು ಕರೆದು ಹೇಳಿದೆ. ಅವರು ಕೈಗವಸು ಬಿಚ್ಚಿ, ಮಡಿಸಿ, ಮೇಜಿನ ಮೇಲಿಟ್ಟರು. “ನನಗಿನ್ನೂ ಎರಡು ವರ್ಷ ಇತ್ತಲ್ಲ ಮೇಡಂ” ಎಂದರು.

ಮರಿಗೆ ಈ ಕಾಗದ ತೋರಿಸು. ಅವಳ ಕೈ ಸರಿಯಿತ್ತು ಎಂದು ಹೇಳು. ಹದಿನಾರು ಸಲವೂ ಸರಿಯಿತ್ತು ಎಂದು ಹೇಳು.

ಅಕ್ಕ


19 ಮೇ

ಅಕ್ಕಾ, ಅಕ್ಕಾ,

ನಿನ್ನ ಸಮಿತಿ ಏನಾಯಿತೋ ಗೊತ್ತಿಲ್ಲ, ಮೊದಲು ನನ್ನ ಸುದ್ದಿ ಕೇಳು. ಮರಿಯ ಲೇಖನ ಪ್ರಕಟವಾಗಿದೆ! ನಿನ್ನೆ ಸಂಜೆ ತಂದು ನನ್ನ ಮಡಿಲಲ್ಲಿಟ್ಟಳು. ಹೊಸದಾಗಿ ಬೆಳೆಸಿದ ಕಿಡ್ನಿ ಕೋಶಗಳಲ್ಲೂ ನಿನ್ನ ಫಲಿತಾಂಶವೇ ಬಂದಿದೆ. ಆರು ಫೋಟೋ ಇವೆ. ನಾನು ಒಂದೊಂದನ್ನೂ ಭೂತಗನ್ನಡಿ ಹಿಡಿದು ನೋಡಿದೆ, ಅರ್ಥವೇನೂ ಆಗಲಿಲ್ಲ, ಕಣ್ಣು ತುಂಬಿತು.

ಹಾಗಾದರೆ ಆ ಅಡಿಟಿಪ್ಪಣಿ ಸುಳ್ಳು ತಾನೇ? ನಿನ್ನ ವರದಿಯೂ ಎಲ್ಲೋ ಅದಲುಬದಲಾಗಿರಬೇಕು. ನೀನು ಸುಮ್ಮನೆ ನಾಲ್ಕು ವರ್ಷ ಕೊರಗಿದೆ. ನಾನು ನಿನಗೆ ಬರೆದ ಕಟುಮಾತನ್ನೆಲ್ಲ ಮರೆತುಬಿಡು. ಇಷ್ಟು ದಿನ ಅವಳಿಗೆ ಹೇಳದಿದ್ದದ್ದೇ ಒಳ್ಳೆಯದಾಯಿತು.

ನಿನ್ನ ಲೇಖನದ ಎಣಿಕೆಯನ್ನು ಇವತ್ತೇ ತಿದ್ದಿದೆ. ನಾನೂರ ಹದಿಮೂರು. ಹದಿಮೂರನೆಯದು ನಮ್ಮ ಮನೆಯದು!

ನಿನ್ನ ತಮ್ಮ


2 ಜೂನ್

ಅತ್ತೇ,

ನಿಮ್ಮ ಕಾಗದ ಬಂದು ಹತ್ತು ದಿನವಾಯಿತು. ಅಪ್ಪ ಅದನ್ನು ನನಗೆ ತೋರಿಸಲಿಲ್ಲ. ಅವರ ಮೇಜಿನ ಮೇಲಿತ್ತು, ನಾನೇ ಓದಿಕೊಂಡೆ. ಮೆಸೇಜು ಮಾಡಲು ಧೈರ್ಯ ಬರಲಿಲ್ಲ, ಅದಕ್ಕೇ ಕಾಗದ.

ಆ ಆರು ಫೋಟೋ ನಿಮ್ಮ ಕೋಶಗಳದ್ದು. ಕೆಳಗಿನ ಲೇಬಲ್ ಮಾತ್ರ ಬದಲಿಸಿದೆ.

ಮಾರ್ಚ್ ಮುಗಿಯುವುದರೊಳಗೆ ಲೇಖನ ಕಳಿಸದಿದ್ದರೆ ಸೀಟು ಬಿಡಬೇಕು ಎಂದಿದ್ದರು ಗೈಡ್. ನಾನು ಏನು ಅಂದುಕೊಂಡೆ ಗೊತ್ತಾ ಅತ್ತೇ? ಅತ್ತೆ ಬರೆದದ್ದು ಸತ್ಯ, ನನ್ನ ಕೈ ಸರಿಯಿಲ್ಲದ್ದಕ್ಕೆ ಬರುತ್ತಿಲ್ಲ. ಇಂದಲ್ಲ ನಾಳೆ ಬಂದೇ ಬರುತ್ತದೆ. ಸತ್ಯವನ್ನೇ ಸ್ವಲ್ಪ ಮೊದಲು ಬರೆಯುತ್ತಿದ್ದೇನೆ, ಅಷ್ಟೇ. ಹೀಗೆ ಅಂದುಕೊಂಡು ಬರೆದೆ. ನಿಮ್ಮ ಮೇಲಿನ ನಂಬಿಕೆಯಿಂದ ಸುಳ್ಳು ಬರೆದೆ.

ಒಂದು ಮಾತು ಹೇಳಬಹುದಿತ್ತಲ್ಲ ನೀವು? ಆವತ್ತು ಪೆಟ್ಟಿಗೆ ಕೊಡುವಾಗ ಬೇಡ ಮರಿ ಅಂದಿದ್ದರೆ ನಾನು ಯಾಕೆ ಅಂತಲೂ ಕೇಳುತ್ತಿರಲಿಲ್ಲ. ಮೂರು ವರ್ಷ ನನ್ನನ್ನು ನಾನೇ ದಡ್ಡಿ ಅಂದುಕೊಂಡೆ. ಈಗ ನೋಡಿದರೆ ದಡ್ಡಿ ಆಗಿದ್ದರೇ ಚೆನ್ನಾಗಿತ್ತು.

ನಿಮ್ಮದು ಹಿಂತೆಗೆದರೆ ಮರುದಿನವೇ ಎಲ್ಲರೂ ನನ್ನದನ್ನು ನೋಡುತ್ತಾರೆ. ಕಿಡ್ನಿ ಕೋಶದಲ್ಲಿ ಬರಲು ಸಾಧ್ಯವೇ ಇಲ್ಲದ್ದು ಇವಳಿಗೆ ಹೇಗೆ ಬಂತು ಎಂದು ಕೇಳುತ್ತಾರೆ. ದಮ್ಮಯ್ಯ ಅತ್ತೇ, ನಿಲ್ಲಿಸಿ. ಹದಿನಾಲ್ಕು ವರ್ಷ ಸುಮ್ಮನಿದ್ದ ಲೇಖನ ಇನ್ನು ಸ್ವಲ್ಪ ವರ್ಷ ಇರಲಿ.

ಮರಿ


9 ಜೂನ್

ಮರೀ,

ನಿನ್ನ ಕಾಗದ ಓದಿ ಎದ್ದು ನಿಂತೆ. ಆಮೇಲೆ ಎಲ್ಲಿಗೆ ಹೋಗಬೇಕೆಂದು ತಿಳಿಯದೆ ಮತ್ತೆ ಕೂತೆ. ನೀನು ಬೈದದ್ದು ಕಡಿಮೆಯಾಯಿತು.

ಸಂಪಾದಕರು ನನ್ನ ಕೊನೆಯ ಸಹಿಗೆ ಜುಲೈ ಎಂಟರವರೆಗೆ ಸಮಯ ಕೊಟ್ಟಿದ್ದಾರೆ. ನಿಲ್ಲಿಸಿಬಿಡೋಣ ಎಂದು ನನಗೂ ಅನ್ನಿಸಿತು. ಮರಿಗೋಸ್ಕರ ಎಂದು ಎಷ್ಟು ಸುಲಭವಾಗಿ ಮನಸ್ಸು ಒಪ್ಪಿತು ಗೊತ್ತಾ? ನಾಲ್ಕು ವರ್ಷವೂ ಹೀಗೆಯೇ ಯಾರನ್ನೋ ಮುಂದೆ ನಿಲ್ಲಿಸಿಕೊಂಡು ಹಿಂದೆ ಅಡಗಿದ್ದೆ. ಮೇಷ್ಟ್ರಿಗೋಸ್ಕರ, ವಿದ್ಯಾರ್ಥಿಗಳಿಗೋಸ್ಕರ. ಈಗ ನಿನ್ನನ್ನೂ ನಿಲ್ಲಿಸಿಕೊಳ್ಳಲಾರೆ. ನನ್ನನ್ನು ನೋಡಿ ನೀನೊಂದು ಸುಳ್ಳು ಬರೆದೆ, ನಿನ್ನದನ್ನು ನೋಡಿ ನಾಳೆ ಇನ್ನೊಬ್ಬಳು ಹದಿನಾರು ಸಲ ಅಳಬಾರದು.

ಒಂದು ದಾರಿಯಿದೆ, ಕಿವಿಗೊಟ್ಟು ಕೇಳು. ನಮ್ಮ ಲೋಕದಲ್ಲಿ ಮೊದಲು ಬಾಯಿ ಬಿಟ್ಟವರು ತಪ್ಪು ಕಂಡುಹಿಡಿದವರು. ಆಮೇಲೆ ಬಿಟ್ಟವರು ಸಿಕ್ಕಿಬಿದ್ದವರು. ಈ ತಿಂಗಳು ನಾನು ಸುಮ್ಮನಿರುತ್ತೇನೆ, ನೀನು ಮೊದಲು ಹೇಳು. ಅತ್ತೆಯ ಕೋಶಗಳು ಕಿಡ್ನಿಯವಲ್ಲ, ಹದಿನಾರು ಸಲ ಪರೀಕ್ಷಿಸಿ ನೋಡಿದ್ದೇನೆ ಎಂದು ಬರೆ. ನನ್ನ ವರದಿಯ ಪ್ರತಿ ಇದರೊಳಗಿದೆ, ಅದನ್ನೂ ಬಳಸಿಕೋ. ಸಿಕ್ಕಿಬಿದ್ದವಳು ನಾನಾಗುತ್ತೇನೆ. ಆದರೆ ಲೇಬಲ್ ಬದಲಿಸಿದ್ದನ್ನೂ ಬರೆಯಬೇಕು ಮರೀ. ಅದೊಂದನ್ನು ಬಿಟ್ಟರೆ ನಿನಗೂ ಒಂದು ಡ್ರಾಯರ್ ಆಗುತ್ತದೆ. ಗೈಡ್ ನಿನ್ನನ್ನು ಇಟ್ಟುಕೊಳ್ಳುತ್ತಾರೋ ಇಲ್ಲವೋ, ಸುಳ್ಳು ಭರವಸೆ ಕೊಡಲಾರೆ.

ನಿನ್ನ ಅತ್ತೆ


7 ಜುಲೈ

ತಮ್ಮಾ,

ಮರಿಯಿಂದ ಉತ್ತರವಿಲ್ಲ. ನಿನ್ನಿಂದಲೂ ಇಲ್ಲ. ದಿನಾ ಹನ್ನೊಂದಕ್ಕೆ ಅಂಚೆಯವನು ಬರುವ ಹೊತ್ತಿಗೆ ಗೇಟಿನ ಹತ್ತಿರ ಏನಾದರೂ ಕೆಲಸ ಹುಡುಕಿಕೊಂಡು ನಿಲ್ಲುತ್ತೇನೆ. ಕಾವಲುಗಾರ ನಿನ್ನೆ, “ಮೇಡಂ, ಏನಾದ್ರೂ ಕಳೆದುಹೋಯ್ತಾ?” ಎಂದು ಕೇಳಿದ.

ನಾಳೆ ಸಹಿ ಹಾಕುತ್ತೇನೆ. ಅವಳು ಬರೆದಿದ್ದರೂ ಹಾಕುತ್ತೇನೆ, ಬರೆಯದಿದ್ದರೂ ಹಾಕುತ್ತೇನೆ. “ನನ್ನ ಮಗಳನ್ನು ನೀನೇ ಹಿಡಿದುಕೊಟ್ಟೆ” ಎಂದು ನೀನು ಅನ್ನಬಹುದು. ಅನ್ನು. ನನಗೆ ಅವಳಿಗಿಂತ ಹೆಚ್ಚಿನವರು ಯಾರಿದ್ದಾರೋ? ಮದುವೆ ಮಕ್ಕಳು ಎಂದು ನಾನು ಹೋಗಲಿಲ್ಲ. ಇದ್ದದ್ದು ಈ ಲ್ಯಾಬು ಮತ್ತು ನಿನ್ನ ಮನೆ. ನಾಳೆ ಒಂದೇ ಸಹಿಗೆ ಎರಡೂ ಹೋಗುತ್ತವೆ ಎಂದು ಗೊತ್ತಿದೆ. ಹೆದರಿಕೆಯಾಗುತ್ತಿದೆ ಕಣೋ. ಆದರೂ ಹಾಕುತ್ತೇನೆ.

ಅಕ್ಕ


3 ಆಗಸ್ಟ್

ಮಾನ್ಯರೇ,

ವಿಷಯ: ಪರಿಷ್ಕೃತ ಎಣಿಕೆ ಪತ್ರ.

ತಮ್ಮ ಸಂಸ್ಥೆಯ ನಿರ್ದೇಶಕರು ಕೋರಿದ ಮೇರೆಗೆ ತಮ್ಮ ಪ್ರಕಟಣೆಗಳನ್ನು ಮರು ಎಣಿಕೆ ಮಾಡಲಾಗಿದ್ದು, ಅದರ ಪ್ರತಿಯನ್ನು ತಮ್ಮ ಅವಗಾಹನೆಗಾಗಿ ಕಳುಹಿಸಲಾಗಿದೆ. ಒಂದು ಲೇಖನ ಜುಲೈ 21ರಂದು ಹಿಂತೆಗೆಯಲ್ಪಟ್ಟಿರುವುದರಿಂದ ಲೇಖನಗಳ ಸಂಖ್ಯೆ ಅರವತ್ತು. ಎಚ್ ಅಂಕ 19 (ಹತ್ತೊಂಬತ್ತು). ಸದರಿ ಲೇಖನವನ್ನು ಉಲ್ಲೇಖಿಸಿದ 413 ಲೇಖನಗಳ ಪೈಕಿ ಕೊನೆಯದನ್ನು ಅದರ ಲೇಖಕಿಯು ಹಿಂತೆಗೆದುಕೊಳ್ಳಲು ಜುಲೈ 6ರಂದೇ ಬರೆದಿರುತ್ತಾರೆ.

ಗ್ರಂಥಪಾಲಕ


ಕೆಳಗಿನದು ಕಚೇರಿಯದಲ್ಲ, ನನ್ನದು.

ಅವಳು ನಿನಗಿಂತ ಎರಡು ದಿನ ಮೊದಲೇ ಹೇಳಿದಳು. ಲೇಬಲ್ ಬದಲಿಸಿದ್ದನ್ನೂ ಬರೆದಳು. ನನಗೂ ತಿಳಿಸಿರಲಿಲ್ಲ, ಈ ಮರು ಎಣಿಕೆಗೆ ಕೂತಾಗ ದಿನಾಂಕ ನೋಡಿ ಗೊತ್ತಾಯಿತು. ಮೊದಲು ಹೇಳಿದವರು ಕಂಡುಹಿಡಿದವರು ಎಂದು ಅವಳಿಗೆ ಬರೆದಿದ್ದೆಯಲ್ಲ, ಅವಳ ಗೈಡಿಗೆ ಹಾಗೇನೂ ಅನ್ನಿಸಲಿಲ್ಲ. ಲ್ಯಾಬಿನ ಕೀಲಿಕೈ ಅದೇ ವಾರ ವಾಪಸ್ ತೆಗೆದುಕೊಂಡರಂತೆ. ಅವಳು ಮೂರು ವಾರದಿಂದ ಕೋಣೆ ಬಿಟ್ಟು ಹೊರಗೆ ಬಂದಿರಲಿಲ್ಲ. ಊಟದ ತಟ್ಟೆ ಬಾಗಿಲಲ್ಲಿಟ್ಟರೆ ಹಾಗೆಯೇ ವಾಪಸ್ ಬರುತ್ತಿತ್ತು. ನಿನ್ನನ್ನು ಬೈದುಕೊಂಡೇ ನಾನು ಇಷ್ಟು ದಿನ ಕಳೆದೆ.

ನಿನ್ನೆ ಬಾಗಿಲ ಸಂದಿಯಿಂದ ಕೇಳಿದಳು, “ಅಪ್ಪಾ, ಅತ್ತೆ ಸಹಿ ಹಾಕಿದ್ರಾ?”

“ಹಾಕಿದಳು. ಅಂಕ ಹತ್ತೊಂಬತ್ತಾಯ್ತು” ಎಂದೆ.

ಸ್ವಲ್ಪ ಹೊತ್ತಿಗೆ ಬಾಗಿಲು ತೆಗೆದು ಬಂದು ಊಟಕ್ಕೆ ಕೂತಳು. ತಿನ್ನಲಿಲ್ಲ. ಎದ್ದು ಹೋಗುವಾಗ, “ಅತ್ತೆ ಈಗ ಎಲ್ಲಿಗೆ ಹೋಗ್ತಾರಪ್ಪಾ?” ಎಂದಳು.

ನನ್ನ ಸಿಟ್ಟು ಇಳಿದಿಲ್ಲ, ಯಾವಾಗ ಇಳಿಯುತ್ತದೋ ಗೊತ್ತಿಲ್ಲ. ನೀನು ಎದುರಿಗೆ ಬಂದರೆ ಏನೇನು ಅಂದುಬಿಡುತ್ತೇನೋ. ಅದೆಲ್ಲ ಕೇಳಿಸಿಕೊಳ್ಳಲು ತಯಾರಾಗಿ ಬಾ. ಅವಳ ಕೋಣೆಯಲ್ಲೇ ನಿನಗೂ ಹಾಸಿಗೆ ಹಾಕಿದ್ದೇವೆ, ಹಾಕಲು ಹೇಳಿದವಳು ಅವಳೇ.

ನಿನ್ನ ತಮ್ಮ